ಅಡುಗೆಮನೆಯ ಗ್ಯಾಸ್ ಸಿಲಿಂಡರ್: ಎಲ್ಲಿಡಬೇಕು, ಹೇಗೆ ಜೋಡಿಸಬೇಕು, ವಾಸನೆ ಬಂದರೆ ಏನು ಮಾಡಬೇಕು

ಗ್ಯಾಸ್ ವಾಸನೆ ಬಂದ ತಕ್ಷಣ ತುಂಬಾ ಜನ ಮಾಡುವ ಮೊದಲ ಕೆಲಸ ಎಕ್ಸಾಸ್ಟ್ ಫ್ಯಾನ್ ಹಾಕುವುದು. ಎರಡನೆಯದು, ಅಡುಗೆಮನೆಯ ಕಿಟಕಿ ತೆರೆದು ಸುಮ್ನೆ ಕಾಯುವುದು. ಮೊದಲನೆಯದು ಅಪಾಯ, ಸ್ವಿಚ್ಚಿನ ಕಿಡಿಗೇ ಗ್ಯಾಸ್ ಹೊತ್ತಿಕೊಳ್ಳಬಹುದು. ಎರಡನೆಯದು ಸಾಲದು. ಆದರೂ ನಾವು ಹೀಗೆ ಮಾಡುವುದಕ್ಕೆ ಕಾರಣ ಒಂದೇ: ಸಿಲಿಂಡರಿನಲ್ಲಿರುವ ಗ್ಯಾಸ್ ಮೇಲಕ್ಕೆ ಹೋಗುವುದಿಲ್ಲ, ಕೆಳಕ್ಕೆ ಇಳಿಯುತ್ತದೆ ಅನ್ನುವುದು ನಮಗೆ ಯಾರೂ ಹೇಳಿಕೊಟ್ಟಿಲ್ಲ.

ಎಲ್‌ಪಿಜಿ ಅಂದರೆ ಪ್ರೊಪೇನ್ ಮತ್ತು ಬ್ಯೂಟೇನ್ ಎಂಬ ಎರಡು ಅನಿಲಗಳ ಮಿಶ್ರಣ. ಇದು ಗಾಳಿಗಿಂತ ಒಂದೂವರೆಯಿಂದ ಎರಡು ಪಟ್ಟು ಭಾರ. ಸೋರಿದ ಗ್ಯಾಸ್ ಚೆಲ್ಲಿದ ನೀರಿನ ಹಾಗೆ ನೆಲದ ಮೇಲೆ ಹರಡಿಕೊಳ್ಳುತ್ತದೆ. ಕಟ್ಟೆಯ ಕೆಳಗೆ, ಫ್ರಿಜ್‌ನ ಅಡಿಗೆ, ಪಕ್ಕದ ಕೋಣೆಯ ಮಂಚದ ಕೆಳಗೆ ಹೋಗಿ ನಿಲ್ಲುತ್ತದೆ. ಸಿಲಿಂಡರಿನ ಒಳಗೆ ಅದು ದ್ರವವಾಗಿರುತ್ತದೆ. ಒಂದು ಲೀಟರ್ ದ್ರವ ಹೊರಬಂದರೆ ಸುಮಾರು 250 ಲೀಟರ್ ಗ್ಯಾಸ್ ಆಗುತ್ತದೆ. ಗಾಳಿಯಲ್ಲಿ ಇದರ ಪಾಲು ನೂರಕ್ಕೆ 2ರಷ್ಟಾದರೆ ಸಾಕು, ಒಂದು ಕಿಡಿಗೆ ಹೊತ್ತಿಕೊಳ್ಳುತ್ತದೆ. 8 ಅಡಿಗೆ 10 ಅಡಿಯ ಅಡುಗೆಮನೆಯಲ್ಲಿ ಸುಮಾರು ಒಂದು ಕೆಜಿ ಗ್ಯಾಸ್ ಸೋರಿದರೆ ಇಡೀ ಕೋಣೆ ಆ ಮಟ್ಟಕ್ಕೆ ಬರುತ್ತದೆ. ನೆಲದ ಹತ್ತಿರ ಅದಕ್ಕಿಂತ ಕಡಿಮೆಯೇ ಸಾಕು, ಯಾಕೆಂದರೆ ಅದೆಲ್ಲ ಕೆಳಗೇ ಕೂತಿರುತ್ತದಲ್ವಾ.

"ಸಿಲಿಂಡರ್ ಸ್ಫೋಟ" ಅಂತ ಸುದ್ದಿಯಲ್ಲಿ ಬರುವ ಎಷ್ಟೋ ಘಟನೆಗಳಲ್ಲಿ ಸಿಲಿಂಡರ್ ಒಡೆದಿರುವುದೇ ಇಲ್ಲ. ಸೋರಿ ಕೋಣೆ ತುಂಬಿದ ಗ್ಯಾಸ್ ಒಂದು ಸ್ವಿಚ್ಚಿನ ಕಿಡಿಗೆ ಹೊತ್ತಿಕೊಂಡಿರುತ್ತದೆ. ಹಾಗಾಗಿ ಸಿಲಿಂಡರನ್ನು ನೋಡಿ ಹೆದರುವುದಕ್ಕಿಂತ ಅದು ಕೂತಿರುವ ಕೋಣೆಯನ್ನು ಸರಿಯಾಗಿ ನೋಡುವುದು ಮುಖ್ಯ. ಅಲ್ಲಿಂದಲೇ ಶುರು ಮಾಡೋಣ.

ಮೊದಲು ಜಾಗ ನೋಡಿ

ಸಿಲಿಂಡರ್ ಯಾವಾಗಲೂ ನೇರವಾಗಿ, ಸಮತಟ್ಟಾದ ನೆಲದ ಮೇಲೆ ನಿಂತಿರಬೇಕು. ಮಲಗಿಸಬಾರದು. ಮಲಗಿಸಿದರೆ ಗ್ಯಾಸ್ ಬದಲು ದ್ರವವೇ ರೆಗ್ಯುಲೇಟರಿಗೆ ನುಗ್ಗುತ್ತದೆ. ಗ್ಯಾಸ್ ಮುಗಿಯುತ್ತಾ ಬಂದಾಗ "ಇನ್ನೊಂದು ಸಾರಿ ಕಾಫಿಗಾದರೂ ಆಗಲಿ" ಅಂತ ಸಿಲಿಂಡರ್ ಓರೆ ಮಾಡುವುದು, ಬಿಸಿನೀರಿನ ಟಬ್ಬಿನಲ್ಲಿ ಇಡುವುದು ತುಂಬಾ ಕಡೆ ಇದೆ. ದಯವಿಟ್ಟು ಬಿಡಿ. ಉಳಿದಿರುವುದು ಎರಡು ಲೋಟ ಕಾಫಿಯ ಗ್ಯಾಸ್, ಅಷ್ಟೇ.

ಒಲೆ ಕಟ್ಟೆಯ ಮೇಲಿರಬೇಕು, ಸಿಲಿಂಡರ್ ನೆಲದ ಮೇಲೆ. ಒಲೆಯ ಮಟ್ಟ ಸಿಲಿಂಡರಿನ ತುದಿಗಿಂತ ಎತ್ತರದಲ್ಲೇ ಇರಬೇಕು. ನೆಲದ ಮೇಲೆ ಒಲೆ ಇಟ್ಟುಕೊಂಡು ಪಕ್ಕದಲ್ಲೇ ಸಿಲಿಂಡರ್ ನಿಲ್ಲಿಸಿಕೊಂಡು ಕೂತು ಅಡುಗೆ ಮಾಡುವ ಮನೆಗಳು ಈಗಲೂ ಇವೆ. ಬಾಡಿಗೆ ರೂಮುಗಳಲ್ಲಂತೂ ಇದು ಮಾಮೂಲು. ಕಟ್ಟೆ ಇಲ್ಲದಿದ್ದರೆ ಗಟ್ಟಿಯಾದ ಕಬ್ಬಿಣದ ಸ್ಟ್ಯಾಂಡಾದರೂ ತನ್ನಿ. ಸೋರಿದ ಗ್ಯಾಸ್ ಇಳಿಯುವುದು ನೆಲಕ್ಕೆ, ಬೆಂಕಿಯೂ ನೆಲದಲ್ಲೇ ಇದ್ದರೆ ಎರಡಕ್ಕೂ ನಡುವೆ ಏನೂ ಉಳಿಯುವುದಿಲ್ಲ.

ಈಗಿನ ಮನೆಗಳಲ್ಲಿ ಇನ್ನೊಂದು ತೊಂದರೆ ಇದೆ. ಗ್ರಾನೈಟ್ ಕಟ್ಟೆಯ ಕೆಳಗೆ ಚೆಂದದ ಬಾಗಿಲು ಹಾಕಿಸಿ, ಸಿಲಿಂಡರನ್ನು ಒಳಗಿಟ್ಟು ಮುಚ್ಚಿಬಿಡುತ್ತೇವೆ. ಕಣ್ಣಿಗೆ ಚೆನ್ನಾಗಿದೆ, ಆದರೆ ಸೋರಿದ ಗ್ಯಾಸ್ ಆ ಪೆಟ್ಟಿಗೆಯಲ್ಲೇ ತುಂಬಿಕೊಳ್ಳುತ್ತದೆ. ವಾಸನೆ ಹೊರಗೆ ಬರುವಷ್ಟರಲ್ಲಿ ಒಳಗೆ ಸಾಕಷ್ಟು ಕೂಡಿರುತ್ತದೆ. ಬಾಗಿಲು ಬೇಕೇ ಬೇಕು ಅಂದರೆ, ಅದರ ತಳದಲ್ಲಿ ನೆಲಕ್ಕೆ ತಾಗಿದಂತೆ ಜಾಲರಿ ಕೊಡಿಸಿ, ಮೇಲೂ ಒಂದು ಕೊಡಿಸಿ. ಬಡಗಿ ಮೇಲೆ ಮಾತ್ರ ತೂತು ಕೊರೆದು ಹೋಗಿದ್ದರೆ ಅದು ಗ್ಯಾಸಿಗೆ ಉಪಯೋಗವಿಲ್ಲ, ತಳದಲ್ಲೂ ಬೇಕು. ಅದೇ ಕಪಾಟಿನಲ್ಲಿ ಸೀಮೆಎಣ್ಣೆ, ಫಿನಾಯಿಲ್, ಹಳೆ ಪೇಪರಿನ ಕಟ್ಟು ಇಡಬೇಡಿ.

ಸಿಲಿಂಡರನ್ನು ಯುಟಿಲಿಟಿಯಲ್ಲಿ ಅಥವಾ ಮೆಟ್ಟಿಲ ಕೆಳಗೆ ಇಟ್ಟು ತಾಮ್ರದ ಪೈಪಿನಲ್ಲಿ ಒಳಗೆ ತರುವವರೂ ಇದ್ದಾರೆ. ಒಳ್ಳೆಯದೇ. ಆದರೆ ಒಂದು ಸಾರಿ ಸುತ್ತ ನೆಲ ನೋಡಿ. ಪಕ್ಕದಲ್ಲಿ ಸಂಪ್‌ನ ಮುಚ್ಚಳ ಇದೆಯಾ? ಮೋರಿಯ ಬಾಯಿ ಇದೆಯಾ? ಇದ್ದರೆ ಸೋರಿದ ಗ್ಯಾಸ್ ಅದರೊಳಗೆ ಇಳಿದು ಗಂಟೆಗಟ್ಟಲೆ ನಿಂತುಬಿಡುತ್ತದೆ. ನೆಲಮಾಳಿಗೆಯಲ್ಲಿ ಸಿಲಿಂಡರ್ ಇಡಬಾರದು ಅನ್ನುವುದೂ ಇದಕ್ಕೇ. ಯುಟಿಲಿಟಿಯಲ್ಲಿ ವಾಷಿಂಗ್ ಮಷಿನ್ನಿನ ಪ್ಲಗ್ ಸಿಲಿಂಡರಿನ ನೆತ್ತಿಯ ಮೇಲೆಯೇ ಇರುತ್ತದೆ. ಪ್ಲಗ್ ಸರಿಸಲು ಆಗದಿದ್ದರೆ ಸಿಲಿಂಡರನ್ನು ಸರಿಸಿ.

ಹಳ್ಳಿ ಮನೆಗಳಲ್ಲಿ ಸೌದೆ ಒಲೆ, ಗ್ಯಾಸ್ ಒಲೆ ಎರಡೂ ಒಂದೇ ಕೋಣೆಯಲ್ಲಿ ಇರುತ್ತವೆ. ಬೇರೆ ದಾರಿ ಇಲ್ಲದಿದ್ದರೆ ಸಿಲಿಂಡರನ್ನು ಸೌದೆ ಒಲೆಯಿಂದ ಆದಷ್ಟು ದೂರ, ಬಾಗಿಲ ಹತ್ತಿರದ ಮೂಲೆಗೆ ತನ್ನಿ. ಸಿಲಿಂಡರ್ ಬದಲಿಸುವ ಹೊತ್ತಿಗೆ ಒಲೆಯಲ್ಲಿ ಉರಿ ಇರಬಾರದು. ಬೂದಿಯೊಳಗಿನ ಕೆಂಡವೂ ಇರಬಾರದು.

ಒಂದು ಅಡುಗೆಮನೆಯಲ್ಲಿ 14.2 ಕೆಜಿಯ ಎರಡು ಸಿಲಿಂಡರಿಗಿಂತ ಜಾಸ್ತಿ ಇಡಬೇಡಿ. ಎರಡನೆಯದಕ್ಕೆ ಪ್ಲಾಸ್ಟಿಕ್ ಮುಚ್ಚಳ ಹಾಕಿಯೇ ಇರಬೇಕು. ಖಾಲಿ ಸಿಲಿಂಡರಿಗೂ ಹಾಕಿ, ಅದರಲ್ಲೂ ಸ್ವಲ್ಪ ಗ್ಯಾಸ್ ಉಳಿದಿರುತ್ತದೆ.

ಸಿಲಿಂಡರ್ ಬಂದಾಗ ಬಾಗಿಲಲ್ಲೇ ನೋಡುವುದು

ಡೆಲಿವರಿಗೆ ಬಂದವರಿಗೆ ಯಾವಾಗಲೂ ಅವಸರ. ಮೂರನೇ ಮಹಡಿಗೆ ಹೆಗಲ ಮೇಲೆ ಹೊತ್ತು ತಂದವರನ್ನು ನಿಲ್ಲಿಸಿಕೊಳ್ಳಲು ನಮಗೂ ಸಂಕೋಚ. ಒಂದು ಲೋಟ ನೀರು ಕೊಟ್ಟು, "ಅಣ್ಣಾ, ಒಂದ್ನಿಮಿಷ ಇರಿ, ನೋಡ್ಕೊಂಡುಬಿಡ್ತೀನಿ" ಅನ್ನಿ. ನೋಡಬೇಕಾದದ್ದು ನಾಲ್ಕೇ ವಿಷಯ.

ಮೊದಲನೆಯದು ಸೀಲ್. ಕಂಪನಿಯ ಸೀಲ್ ಹರಿದಿರಬಾರದು, ಒಳಗಿನ ಪ್ಲಾಸ್ಟಿಕ್ ಮುಚ್ಚಳ ದಾರದ ಸಮೇತ ಇರಬೇಕು.

ಎರಡನೆಯದು ತೂಕ. ಖಾಲಿ ಸಿಲಿಂಡರಿನ ತೂಕ ಅದರ ಮೇಲೆಯೇ ಬರೆದಿರುತ್ತದೆ. 15.8 ಅಂತ ಇದ್ದರೆ ಅದಕ್ಕೆ 14.2 ಸೇರಿಸಿ, ಒಟ್ಟು 30 ಕೆಜಿ ತೂಗಬೇಕು. ತೂಕ ಮಾಡಿ ತೋರಿಸಿ ಅಂತ ಕೇಳುವುದು ನಿಮ್ಮ ಹಕ್ಕು. ತೂಕ ಕಡಿಮೆ ಬಂದರೆ ದುಡ್ಡಿನ ನಷ್ಟ ಮಾತ್ರ ಅಂದುಕೊಳ್ಳಬೇಡಿ. ಯಾರೋ ನಡುವೆ ವಾಲ್ವ್‌ಗೆ ಕೈ ಹಾಕಿ ಗ್ಯಾಸ್ ತೆಗೆದಿದ್ದಾರೆ ಅಂತಲೂ ಆಗಬಹುದು. ಅಂಥ ಸಿಲಿಂಡರ್ ಮನೆಯೊಳಗೆ ಬೇಡ.

ಮೂರನೆಯದನ್ನು ನೋಡುವವರು ಕಡಿಮೆ. ಸಿಲಿಂಡರಿನ ಮೇಲೆ ಹಿಡಿಯುವ ಬಳೆ ಇದೆಯಲ್ವಾ, ಅದನ್ನು ಮೂರು ಕಬ್ಬಿಣದ ಪಟ್ಟಿಗಳು ಹಿಡಿದುಕೊಂಡಿರುತ್ತವೆ. ಅದರಲ್ಲಿ ಒಂದರ ಒಳಮೈಯಲ್ಲಿ ಒಂದು ಅಕ್ಷರ, ಎರಡು ಅಂಕಿ ಇರುತ್ತದೆ: ಎ, ಬಿ, ಸಿ, ಡಿ ಎಂಬ ಇಂಗ್ಲಿಷ್ ಅಕ್ಷರಗಳಲ್ಲಿ ಒಂದು, ಪಕ್ಕದಲ್ಲಿ ವರ್ಷ. ಎ ಅಂದರೆ ಮಾರ್ಚ್‌ವರೆಗೆ, ಬಿ ಅಂದರೆ ಜೂನ್‌ವರೆಗೆ, ಸಿ ಅಂದರೆ ಸೆಪ್ಟೆಂಬರ್, ಡಿ ಅಂದರೆ ಡಿಸೆಂಬರ್. ಸಿ-28 ಅಂತ ಇದ್ದರೆ 2028ರ ಸೆಪ್ಟೆಂಬರ್ ಒಳಗೆ ಆ ಸಿಲಿಂಡರನ್ನು ಮತ್ತೆ ಪರೀಕ್ಷೆಗೆ ಕಳಿಸಬೇಕು. ಇದು ಗ್ಯಾಸಿನ ಎಕ್ಸ್‌ಪೈರಿ ಅಲ್ಲ, ಡಬ್ಬದ ಗಟ್ಟಿತನದ ಪರೀಕ್ಷೆಯ ಗಡುವು. ಗಡುವು ದಾಟಿದ್ದರೆ ವಾಪಸ್ ಕಳಿಸಿ, ಬೇರೆ ಕೊಡಬೇಕು.

ನಾಲ್ಕನೆಯದೇ ಎಲ್ಲಕ್ಕಿಂತ ಮುಖ್ಯ: ವಾಲ್ವ್. ಮುಚ್ಚಳ ತೆಗೆಸಿ ಒಳಗೆ ಬಗ್ಗಿ ನೋಡಿ. ವಾಲ್ವ್ ಬಾಯಿಯ ಒಳಗೆ ಕಪ್ಪು ರಬ್ಬರಿನ ಸಣ್ಣ ಉಂಗುರ ಕಾಣಬೇಕು. ಎಲ್ಲರೂ ಅದನ್ನು ವಾಷರ್ ಅನ್ನುತ್ತಾರೆ. ರೆಗ್ಯುಲೇಟರ್ ಕೂತಾಗ ಗ್ಯಾಸ್ ಪಕ್ಕದಿಂದ ಬರದ ಹಾಗೆ ತಡೆಯುವುದು ಈ ಉಂಗುರವೇ. ಅದು ಇಲ್ಲದಿದ್ದರೆ, ಸೀಳಿದ್ದರೆ, ಅಂಚು ಸವೆದಿದ್ದರೆ ಅಲ್ಲೇ ಹೊಸದು ಹಾಕಿಸಿ. ಡೆಲಿವರಿಯವರ ಹತ್ತಿರ ಇರುತ್ತದೆ, ಅವರಿಗೆ ಅರ್ಧ ನಿಮಿಷದ ಕೆಲಸ. ಆಮೇಲೆ ವಾಲ್ವ್ ಬಾಯಿಗೆ ಎರಡು ಹನಿ ನೀರು ಬಿಡಿ. ಗುಳ್ಳೆ ಎದ್ದರೆ ಒಳಗಿನ ಪಿನ್ನು ಸರಿಯಾಗಿ ಕೂತಿಲ್ಲ, ರೆಗ್ಯುಲೇಟರ್ ಇಲ್ಲದೆಯೇ ಸೋರುತ್ತಿದೆ ಅಂತ ಅರ್ಥ. ಸುಮ್ಮನಿದ್ದರೆ ನೀರನ್ನು ಬಟ್ಟೆಯಿಂದ ಒರೆಸಿ ಮುಚ್ಚಳ ಹಾಕಿ. ಈ ಪರೀಕ್ಷೆ ಮಾಡದೆ ಸಿಲಿಂಡರನ್ನು ಮೂಲೆಗೆ ತಳ್ಳಿ, ತಿಂಗಳಾದ ಮೇಲೆ ರಾತ್ರಿ ಎಂಟು ಗಂಟೆಗೆ ಹಳೆಯದು ಮುಗಿದಾಗ ಮೊದಲ ಸಾರಿ ಮುಚ್ಚಳ ತೆಗೆಯುತ್ತೇವೆ. ಆಗ ವಾಷರ್ ಇಲ್ಲ ಅಂತ ಗೊತ್ತಾದರೆ ಏನು ಮಾಡುವುದು? ಏಜೆನ್ಸಿ ಮುಚ್ಚಿರುತ್ತದೆ, ಮನೆಯಲ್ಲಿ ಅಡುಗೆ ಅರ್ಧ ಆಗಿರುತ್ತದೆ. ಅಂಥ ಹೊತ್ತಲ್ಲೇ ಜನ "ಒಂದು ಹೊತ್ತಿಗೆ ತಾನೆ" ಅಂತ ಹಾಗೇ ಜೋಡಿಸಿಬಿಡುವುದು.

ಜೋಡಿಸುವ ಕ್ರಮ

ಸಿಲಿಂಡರ್ ಬದಲಿಸುವುದಕ್ಕೆ ಮುಂಚೆ ಮನೆಯಲ್ಲಿ ಉರಿಯುತ್ತಿರುವುದನ್ನೆಲ್ಲ ನೆನಪು ಮಾಡಿಕೊಳ್ಳಿ. ದೇವರ ದೀಪ, ಊದುಬತ್ತಿ, ಸೊಳ್ಳೆಬತ್ತಿ. ಇವು ಬೆಂಕಿ ಅಂತ ನಮ್ಮ ಲೆಕ್ಕಕ್ಕೇ ಬರುವುದಿಲ್ಲ. ಸಂಜೆ ದೀಪ ಹಚ್ಚಿದ್ದರೆ ಮೊದಲು ಶಾಂತ ಮಾಡಿ, ಬದಲಿಸಿ ಆದಮೇಲೆ ಮತ್ತೆ ಹಚ್ಚಬಹುದು. ಬಾಗಿಲು ಕಿಟಕಿ ತೆರೆದಿರಲಿ.

1. ಒಲೆಯ ಎಲ್ಲ ನಾಬ್‌ಗಳನ್ನೂ ಆಫ್ ಮಾಡಿ. ರೆಗ್ಯುಲೇಟರನ್ನೂ ಆಫ್ ಮಾಡಿ.

2. ಖಾಲಿ ಸಿಲಿಂಡರಿನಿಂದ ರೆಗ್ಯುಲೇಟರ್ ಬಿಡಿಸಿ, ತಕ್ಷಣ ಅದರ ಬಾಯಿಗೆ ಮುಚ್ಚಳ ಹಾಕಿ. ಟಕ್ ಅಂತ ಕೂರಬೇಕು.

3. ಹೊಸ ಸಿಲಿಂಡರಿನ ಮುಚ್ಚಳದ ದಾರವನ್ನು ಹೊರಗೆಳೆದು, ಎಳೆದ ಹಾಗೇ ಹಿಡಿದು ಮುಚ್ಚಳವನ್ನು ಮೇಲಕ್ಕೆತ್ತಿ. ಚಾಕು, ಸ್ಕ್ರೂಡ್ರೈವರ್ ಹಾಕಿ ಮೀಟಬೇಡಿ. ಮುಚ್ಚಳವನ್ನು ಕಸಕ್ಕೆ ಹಾಕದೆ ದಾರದ ಸಮೇತ ಸಿಲಿಂಡರಿನ ಬಳೆಗೇ ಕಟ್ಟಿ ಬಿಡಿ. ಗ್ಯಾಸ್ ಸೋರಿದ ದಿನ ಬೇಕಾಗುವುದು ಇದೇ.

4. ವಾಷರ್ ಇದೆಯೇ ಅಂತ ಮತ್ತೊಮ್ಮೆ ನೋಡಿ. ರೆಗ್ಯುಲೇಟರಿನ ಕೆಳಗಿನ ಕಪ್ಪು ಬಳೆಯನ್ನು ಮೇಲಕ್ಕೆತ್ತಿ ಹಿಡಿದು, ನೆಟ್ಟಗೆ ವಾಲ್ವ್ ಮೇಲೆ ಇಡಿ. ಸ್ವಲ್ಪ ಆಚೀಚೆ ತಿರುಗಿಸುತ್ತಾ ಕೆಳಗೆ ಒತ್ತಿ, ಬಳೆ ಬಿಡಿ. ಕ್ಲಿಕ್ ಅನ್ನುತ್ತದೆ. ಮೆಲ್ಲಗೆ ಮೇಲಕ್ಕೆಳೆದು ನೋಡಿ, ಬರಬಾರದು.

5. ಒಲೆ ಹಚ್ಚುವ ಮುಂಚೆ ರೆಗ್ಯುಲೇಟರ್ ಮಾತ್ರ ಆನ್ ಮಾಡಿ ಒಂದರೆ ಗಳಿಗೆ ಸುಮ್ಮನೆ ಬಗ್ಗಿ ಕೇಳಿಸಿಕೊಳ್ಳಿ. ಸುಯ್ ಅನ್ನುವ ಸದ್ದು ಬಂದರೆ ತಕ್ಷಣ ಆಫ್. ಸದ್ದಿಲ್ಲದಿದ್ದರೂ ಸೋಪಿನ ನೀರು ಹಚ್ಚಿ ನೋಡುವುದು ಒಳ್ಳೆಯದು. ರೆಗ್ಯುಲೇಟರಿನ ಬುಡ, ಪೈಪಿನ ಎರಡೂ ತುದಿ, ಒಲೆಯ ಹಿಂದಿನ ನಳಿಕೆ. ಗುಳ್ಳೆ ಬಂದ ಕಡೆ ಸೋರುತ್ತಿದೆ. ಬೆಂಕಿಕಡ್ಡಿ ಗೀರಿ ಸೋರಿಕೆ ಹುಡುಕುವುದನ್ನು ಯಾರೇ ಮಾಡಲು ಬಂದರೂ, ಅವರು ಎಷ್ಟೇ ಅನುಭವಸ್ಥರಾಗಿದ್ದರೂ, ತಡೆಯಿರಿ.

ಮೊದಲ ಸಾರಿ ಕೂರದಿದ್ದರೆ ಬಲ ಹಾಕಬೇಡಿ. ಸುತ್ತಿಗೆ ತೆಗೆದುಕೊಂಡು ತಟ್ಟುವವರಿದ್ದಾರೆ. ರೆಗ್ಯುಲೇಟರ್ ಕೆಟ್ಟಿದ್ದರೆ ಏಜೆನ್ಸಿಯಲ್ಲೇ ಬದಲಿಸಿಕೊಳ್ಳಿ. ಅಂಗಡಿಯಲ್ಲಿ ಸಿಗುವ ಗುರುತಿಲ್ಲದ ರೆಗ್ಯುಲೇಟರ್ ಬೇಡ.

ಪೈಪ್: ಎಲ್ಲರೂ ಮರೆಯುವ ವಸ್ತು

ಸಿಲಿಂಡರ್ ತಿಂಗಳು ಎರಡು ತಿಂಗಳಿಗೆ ಬದಲಾಗುತ್ತದೆ. ಪೈಪ್ ಮಾತ್ರ ಮದುವೆಯಾದಾಗ ಹಾಕಿಸಿದ್ದು ಮಗು ಶಾಲೆಗೆ ಹೋಗುವಾಗಲೂ ಅದೇ. ಕಿತ್ತಳೆ ಬಣ್ಣದ, ಒಳಗೆ ಉಕ್ಕಿನ ತಂತಿಯ ಹೆಣಿಗೆ ಇರುವ ಸುರಕ್ಷಾ ಪೈಪನ್ನೇ ಹಾಕಿಸಿ. ಅದರ ಮೈಮೇಲೆ ಐಎಸ್‌ಐ ಗುರುತು, ತಯಾರಾದ ವರ್ಷ ಇರುತ್ತದೆ. 5 ವರ್ಷಕ್ಕೊಮ್ಮೆ ಬದಲಿಸಬೇಕು. ಈಗಲೇ ಎದ್ದು ಹೋಗಿ ನೋಡಿ, ವರ್ಷ ಓದಲು ಆಗದಷ್ಟು ಮಾಸಿದ್ದರೆ ಅದೇ ಉತ್ತರ.

ಪೈಪ್ ಎಲ್ಲೆಲ್ಲಿ ಸವೆಯುತ್ತದೆ ಗೊತ್ತಾ? ಕಟ್ಟೆಯ ಗ್ರಾನೈಟಿಗೆ ಕೊರೆದ ತೂತಿನ ಅಂಚಿನಲ್ಲಿ. ಅಲ್ಲಿ ಕಲ್ಲಿನ ಅಂಚು ಹರಿತವಾಗಿರುತ್ತದೆ. ಒಲೆ ಒರೆಸಲು ಅತ್ತಿತ್ತ ಸರಿಸಿದಾಗಲೆಲ್ಲ ಪೈಪ್ ಅದಕ್ಕೆ ಉಜ್ಜುತ್ತದೆ. ತೂತಿಗೆ ರಬ್ಬರ್ ಬಳೆ ಹಾಕಿಸಿದರೆ ಸಾಕು. ಇನ್ನೊಂದು ಜಾಗ ಒಲೆಯ ಹಿಂಭಾಗ. ಪೈಪ್ ಬರ್ನರಿನ ಕೆಳಗಿಂದ ಹಾದುಹೋಗಬಾರದು, ಬಿಸಿಗೆ ರಬ್ಬರ್ ಗಟ್ಟಿಯಾಗಿ ಬಿರುಕು ಬಿಡುತ್ತದೆ. ಮೂರನೆಯದು ಇಲಿ. ಸಿಲಿಂಡರಿನ ಹಿಂದೆ ಬಿದ್ದ ತೆಂಗಿನಕಾಯಿ ಚೂರು, ಅಕ್ಕಿ ಕಾಳು ತಿನ್ನಲು ಬರುವ ಇಲಿ ಪೈಪಿಗೂ ಹಲ್ಲು ಹಾಕುತ್ತದೆ. ಅಲ್ಲಿ ಕಸ ನಿಲ್ಲದ ಹಾಗೆ ನೋಡಿಕೊಳ್ಳಿ. ಪೈಪಿಗೆ ಬಟ್ಟೆ ಅಥವಾ ಬಣ್ಣದ ಕವರ್ ಸುತ್ತಬೇಡಿ, ಬಿರುಕು ಕಾಣುವುದಿಲ್ಲ. ಎರಡು ತುಂಡು ಜೋಡಿಸಿ ಉದ್ದ ಮಾಡುವುದೂ ಬೇಡ. ಪೈಪ್ ಸಾಲದಿದ್ದರೆ ಸಿಲಿಂಡರನ್ನೇ ಹತ್ತಿರ ತನ್ನಿ.

ದಿನದಿನದ ಅಭ್ಯಾಸ

ಲೈಟರ್ ಕೈಯಲ್ಲಿ ಹಿಡಿದು ಬರ್ನರಿನ ಹತ್ತಿರ ಇಟ್ಟ ಮೇಲೆ ನಾಬ್ ತಿರುಗಿಸಿ. ನಾಬ್ ತಿರುಗಿಸಿ ಲೈಟರ್ ಹುಡುಕಬಾರದು. ಒಂದೆರಡು ಸಲಕ್ಕೆ ಹತ್ತದಿದ್ದರೆ ಆಫ್ ಮಾಡಿ, ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಹಚ್ಚಿ.

ಹಾಲು ಇಟ್ಟು ಫೋನಿಗೆ ಹೋಗುವುದು ನಮ್ಮೆಲ್ಲರ ಮನೆಯ ಕಥೆ. ಹಾಲು ಉಕ್ಕಿದರೆ ಒಲೆ ಒರೆಸುವ ಕೆಲಸ ಅಂತಷ್ಟೇ ಅಂದುಕೊಳ್ಳುತ್ತೇವೆ. ಆದರೆ ಉಕ್ಕಿದ ಹಾಲು ಉರಿಯನ್ನು ಆರಿಸಿಬಿಟ್ಟರೆ, ಗ್ಯಾಸ್ ಮಾತ್ರ ಬರುತ್ತಲೇ ಇರುತ್ತದೆ. ಉರಿ ಆರಿದರೆ ತಾನಾಗಿ ಗ್ಯಾಸ್ ನಿಲ್ಲಿಸುವ ಸಾಧನ ನಮ್ಮ ಸಾಮಾನ್ಯ ಒಲೆಗಳಲ್ಲಿ ಇರುವುದಿಲ್ಲ. ಸಿಮ್‌ನಲ್ಲಿಟ್ಟ ಸಣ್ಣ ಉರಿ ಕಿಟಕಿಯ ಗಾಳಿಗೂ ಆರುತ್ತದೆ. ಹಾಲಿಟ್ಟಾಗ ಅಡುಗೆಮನೆಯಲ್ಲೇ ಇರಿ. ಬೇರೆ ಕೆಲಸವಿದ್ದರೆ ಆಫ್ ಮಾಡಿ ಹೋಗಿ.

ಉರಿ ನೀಲಿಯಾಗಿರಬೇಕು. ಹಳದಿ ಉರಿ ಬಂದು ಪಾತ್ರೆಯ ತಳ ಮಸಿಯಾಗುತ್ತಿದ್ದರೆ ಬರ್ನರಿಗೆ ಗಾಳಿ ಸಾಲುತ್ತಿಲ್ಲ. ತೂತುಗಳಲ್ಲಿ ಉಕ್ಕಿದ ಸಾರು, ಹಾಲು ಒಣಗಿ ಕೂತಿರುತ್ತದೆ, ಬರ್ನರ್ ಬಿಚ್ಚಿ ತೊಳೆಯಿರಿ. ಆಗಲೂ ಹಳದಿ ಇದ್ದರೆ ಮೆಕ್ಯಾನಿಕ್ ಕರೆಸಿ.

ಒಲೆ ಮುಂದೆ ನಿಲ್ಲುವಾಗ ಹತ್ತಿಬಟ್ಟೆ ಒಳ್ಳೆಯದು. ಪಾಲಿಯೆಸ್ಟರ್, ನೈಲಾನ್ ಉರಿಯುವಾಗ ಕರಗಿ ಮೈಗೆ ಅಂಟುತ್ತವೆ. ಸೆರಗಿನಿಂದ ಪಾತ್ರೆ ಇಳಿಸಬೇಡಿ, ಅದಕ್ಕೆ ಇಕ್ಕಳ ಇದೆ. ದುಪಟ್ಟಾ ಇದ್ದರೆ ಸೊಂಟಕ್ಕೆ ಕಟ್ಟಿಕೊಳ್ಳಿ. ಒಲೆಯ ಹಿಂದೆ ಉಪ್ಪು, ಖಾರದ ಡಬ್ಬಿಗಳ ಸ್ಟ್ಯಾಂಡ್ ಇದ್ದರೆ ಬೇರೆ ಕಡೆ ತನ್ನಿ, ಉರಿಯ ಮೇಲೆ ಕೈಚಾಚುವ ಪ್ರಸಂಗವೇ ಬರಬಾರದು.

ರಾತ್ರಿ ಮಲಗುವ ಮುಂಚೆ ರೆಗ್ಯುಲೇಟರ್ ಆಫ್. ಒಲೆಯ ನಾಬ್ ಮಾತ್ರ ಸಾಲದು, ಯಾಕೆಂದರೆ ರಾತ್ರಿಯಿಡೀ ಪೈಪಿನಲ್ಲಿ ಗ್ಯಾಸ್ ನಿಂತಿರುತ್ತದೆ. ಊರಿಗೆ ಹೊರಟರೆ ರೆಗ್ಯುಲೇಟರನ್ನೇ ಬಿಚ್ಚಿ ಮುಚ್ಚಳ ಹಾಕಿ ಹೋಗಿ.

ಇನ್ನು ಗ್ಯಾಸ್ ಎಷ್ಟಿದೆ ಅಂತ ತಿಳಿಯಲು ಸಿಲಿಂಡರ್ ಅಲ್ಲಾಡಿಸುವ ಅಗತ್ಯವಿಲ್ಲ. ಒದ್ದೆ ಬಟ್ಟೆಯಿಂದ ಮೇಲಿಂದ ಕೆಳಗೆ ಒಂದು ಪಟ್ಟಿ ಒರೆಸಿ, ಸ್ವಲ್ಪ ಹೊತ್ತು ನೋಡಿ. ಖಾಲಿ ಇರುವ ಮೇಲ್ಭಾಗ ಬೇಗ ಒಣಗುತ್ತದೆ, ಗ್ಯಾಸ್ ಇರುವ ಕೆಳಭಾಗ ತಣ್ಣಗಿರುವುದರಿಂದ ಒದ್ದೆಯಾಗಿಯೇ ಉಳಿಯುತ್ತದೆ. ಗೆರೆ ಎದ್ದು ಕಾಣುತ್ತದೆ.

ವಾಸನೆ ಬಂತು, ಈಗ?

ಗ್ಯಾಸಿಗೆ ತನ್ನದೇ ವಾಸನೆ ಇಲ್ಲ. ಸೋರಿದ್ದು ಗೊತ್ತಾಗಲಿ ಅಂತಲೇ ಈಥೈಲ್ ಮರ್ಕ್ಯಾಪ್ಟನ್ ಎಂಬ ಘಾಟು ವಸ್ತುವನ್ನು ಬೆರೆಸಿರುತ್ತಾರೆ. ಹೊತ್ತಿಕೊಳ್ಳುವ ಮಟ್ಟಕ್ಕೆ ಬರುವ ಎಷ್ಟೋ ಮುಂಚೆಯೇ ಮೂಗಿಗೆ ತಿಳಿಯುತ್ತದೆ. ಹಾಗಾಗಿ ಗಾಬರಿಯಾಗಬೇಡಿ, ಸಮಯ ಇದೆ. ಆದರೆ ವಾಸನೆ ಹಿಡಿಯುವ ಶಕ್ತಿ ಕಡಿಮೆಯಾದ ಹಿರಿಯರು ಮನೆಯಲ್ಲಿ ಒಬ್ಬರೇ ಇರುತ್ತಿದ್ದರೆ ಗ್ಯಾಸ್ ಡಿಟೆಕ್ಟರ್ ಹಾಕಿಸಿ. ಅದನ್ನು ನೆಲದಿಂದ ಒಂದಡಿಯೊಳಗೆ ಹಾಕಬೇಕು. ಎಲೆಕ್ಟ್ರಿಷಿಯನ್ ತನ್ನ ಅಭ್ಯಾಸದಂತೆ ಸೂರಿನ ಹತ್ತಿರ ಹಾಕಿದರೆ ಅದು ಕೂಗುವುದೇ ಇಲ್ಲ. ಬೆಂಗಳೂರಿನಲ್ಲಿ ಪೈಪ್‌ಲೈನ್ ಗ್ಯಾಸ್ ಇರುವ ಮನೆಗಳಿಗೆ ಇದು ಉಲ್ಟಾ. ಅದು ಮೀಥೇನ್, ಗಾಳಿಗಿಂತ ಹಗುರ, ಅಲ್ಲಿ ಡಿಟೆಕ್ಟರ್ ಮೇಲೆಯೇ ಇರಬೇಕು.

ಮಾಡಬೇಕಾದದ್ದು ಇಷ್ಟು, ಇದೇ ಕ್ರಮದಲ್ಲಿ:

1. ಯಾವ ಸ್ವಿಚ್ಚನ್ನೂ ಮುಟ್ಟಬೇಡಿ. ಹಾಕುವುದೂ ಬೇಡ, ಆರಿಸುವುದೂ ಬೇಡ, ಎರಡರಲ್ಲೂ ಕಿಡಿ ಹಾರುತ್ತದೆ. ಉರಿಯುತ್ತಿರುವ ಲೈಟ್ ಉರಿಯುತ್ತಿರಲಿ, ತಿರುಗುತ್ತಿರುವ ಫ್ಯಾನ್ ತಿರುಗುತ್ತಿರಲಿ. ಫೋನನ್ನೂ ಒಳಗೆ ಬಳಸಬೇಡಿ. ರಾತ್ರಿ ಹೊರಗಿನಿಂದ ಬಂದು ಬಾಗಿಲು ತೆಗೆದಾಗ ವಾಸನೆ ಬಂದರೆ ಇದು ಇನ್ನೂ ಕಷ್ಟ, ಕೈ ತಾನಾಗಿ ಬಾಗಿಲ ಪಕ್ಕದ ಸ್ವಿಚ್ಚಿಗೆ ಹೋಗುತ್ತದೆ. ಮನೆಯವರಿಗೆಲ್ಲ ಇದನ್ನು ಮೊದಲೇ ಹೇಳಿಟ್ಟಿರಿ.

2. ಉರಿಯುತ್ತಿರುವ ಒಲೆ, ದೇವರ ದೀಪ, ಊದುಬತ್ತಿ ಆರಿಸಿ. ನಾಬ್‌ಗಳು, ರೆಗ್ಯುಲೇಟರ್ ಆಫ್ ಮಾಡಿ.

3. ಬಾಗಿಲು ತೆರೆಯಿರಿ. ಕಿಟಕಿಗಿಂತ ಮೊದಲು ಬಾಗಿಲು. ಕಿಟಕಿ ಶುರುವಾಗುವುದೇ ನೆಲದಿಂದ ಮೂರು ನಾಲ್ಕು ಅಡಿ ಮೇಲೆ, ನೆಲಕ್ಕೆ ಕೂತ ಗ್ಯಾಸ್ ಅಲ್ಲಿಂದ ಸುಲಭವಾಗಿ ಹೋಗುವುದಿಲ್ಲ. ಮುಂಬಾಗಿಲು, ಹಿತ್ತಿಲ ಬಾಗಿಲು, ಬಾಲ್ಕನಿ ಬಾಗಿಲು ತೆರೆದರೆ ಹೊಸ್ತಿಲ ಮಟ್ಟದಲ್ಲೇ ಹೊರಗೆ ಹರಿಯುತ್ತದೆ. ಆಮೇಲೆ ಕಿಟಕಿಗಳು.

4. ಮಕ್ಕಳು, ಹಿರಿಯರನ್ನು ಹೊರಗೆ ಕಳಿಸಿ. ಲಿಫ್ಟ್ ಬೇಡ, ಮೆಟ್ಟಿಲು.

5. ವಾಸನೆ ಅಷ್ಟು ಜೋರಿಲ್ಲದಿದ್ದರೆ ಮಾತ್ರ, ರೆಗ್ಯುಲೇಟರ್ ಬಿಡಿಸಿ ವಾಲ್ವ್‌ಗೆ ಮುಚ್ಚಳ ಒತ್ತಿ ಹಾಕಿ. ಬಳೆಗೆ ಕಟ್ಟಿಟ್ಟ ಮುಚ್ಚಳ ಕೆಲಸಕ್ಕೆ ಬರುವುದು ಈಗ. ಇದರಿಂದ ಸೋರಿಕೆ ಸಾಮಾನ್ಯವಾಗಿ ನಿಲ್ಲುತ್ತದೆ. ಗ್ಯಾಸ್ ಬುಸುಗುಡುತ್ತಿದ್ದರೆ, ಘಾಟಿಗೆ ಕಣ್ಣು ಮೂಗು ಉರಿಯುತ್ತಿದ್ದರೆ ಸಿಲಿಂಡರಿನ ಹತ್ತಿರ ಹೋಗದೆ ಹೊರಗೆ ಬನ್ನಿ.

6. ಹೊರಗೆ ಬಂದು 1906ಕ್ಕೆ ಫೋನ್ ಮಾಡಿ. ಗ್ಯಾಸ್ ಸೋರಿಕೆಗೆಂದೇ ಇರುವ ನಂಬರ್, ಹಗಲು ರಾತ್ರಿ ಇರುತ್ತದೆ, ಯಾವ ಕಂಪನಿಯ ಸಿಲಿಂಡರ್ ಆದರೂ ಇದೇ. ಬೆಂಕಿ ಹತ್ತಿದ್ದರೆ 101 ಅಥವಾ 112. ಮೀಟರ್ ಬೋರ್ಡ್ ಮನೆಯ ಹೊರಗೆ ದೂರದಲ್ಲಿದ್ದರೆ ಅಲ್ಲಿಂದ ಮೇನ್ ಆಫ್ ಮಾಡಿಸಿ. ಮನೆಯ ಒಳಗಿದ್ದರೆ ಮುಟ್ಟಬೇಡಿ.

ವಾಸನೆ ಹೋಯಿತು ಅಂತ ತಕ್ಷಣ ಒಳಗೆ ಹೋಗಿ ಲೈಟ್ ಹಾಕಬೇಡಿ. ಮಂಚದ ಕೆಳಗೆ, ಕಪಾಟಿನ ಒಳಗೆ ನಿಂತದ್ದು ಹೋಗಲು ಹೊತ್ತು ಬೇಕು. ನಿಂತಾಗ ಬರದ ವಾಸನೆ ಬಗ್ಗಿದಾಗ ಬರುತ್ತಿದ್ದರೆ ಇನ್ನೂ ಕಾಯಬೇಕು.

ಬೆಂಕಿಯೇ ಹತ್ತಿದರೆ

ರೆಗ್ಯುಲೇಟರಿನ ಬಳಿ ಸಣ್ಣ ಉರಿ ಕಾಣಿಸಿಕೊಂಡ ಮೊದಲ ಗಳಿಗೆಯಲ್ಲಿ, ದಪ್ಪ ಹತ್ತಿಬಟ್ಟೆ ಅಥವಾ ಗೋಣಿಚೀಲವನ್ನು ಚೆನ್ನಾಗಿ ನೆನೆಸಿ, ನಿಮ್ಮ ಮುಂದೆ ಅಡ್ಡ ಹಿಡಿದು ಉರಿಯ ಮೇಲೆ ಹೊದಿಸಿ ರೆಗ್ಯುಲೇಟರ್ ಆಫ್ ಮಾಡಬಹುದು. ಉರಿ ನಿಂತರೂ ಗ್ಯಾಸ್ ನಿಲ್ಲದಿದ್ದರೆ ಅದು ಕೋಣೆ ತುಂಬಿ ಮತ್ತೆ ಹೊತ್ತಿಕೊಳ್ಳುತ್ತದೆ, ಹಾಗಾಗಿ ಆಫ್ ಮಾಡುವುದೇ ಮುಖ್ಯ. ಉರಿ ದೊಡ್ಡದಾಗಿದ್ದರೆ, ಪರದೆಗೋ ಕಪಾಟಿಗೋ ಹತ್ತಿದ್ದರೆ ಧೈರ್ಯ ಮಾಡಬೇಡಿ. ಎಲ್ಲರನ್ನೂ ಹೊರಗೆ ತನ್ನಿ, ಪಕ್ಕದ ಮನೆಯವರನ್ನೂ ಎಬ್ಬಿಸಿ. ಬೆಂಕಿಯ ನಡುವೆ ಕಾದ ಸಿಲಿಂಡರ್ ಒಡೆಯಬಲ್ಲದು.

ಬಟ್ಟೆಗೆ ಬೆಂಕಿ ತಗುಲಿದರೆ ಓಡಬಾರದು. ನೆಲಕ್ಕೆ ಬಿದ್ದು ಹೊರಳಬೇಕು, ಬೇರೆಯವರು ಹತ್ತಿಯ ಕಂಬಳಿ ಹೊದಿಸಬೇಕು. ಸುಟ್ಟ ಜಾಗಕ್ಕೆ 20 ನಿಮಿಷ ನಲ್ಲಿಯ ತಣ್ಣೀರು ಬಿಡಿ. ಟೂತ್‌ಪೇಸ್ಟ್, ಇಂಕು, ಅರಿಶಿನ, ಐಸ್ ಯಾವುದೂ ಬೇಡ. ಮೈಗೆ ಅಂಟಿದ ಬಟ್ಟೆ ಕೀಳಬೇಡಿ. ಬಳೆ, ಉಂಗುರ ಮಾತ್ರ ಊತ ಬರುವ ಮುಂಚೆ ತೆಗೆಯಿರಿ. 108ಕ್ಕೆ ಫೋನ್ ಮಾಡಿ.

ಗ್ಯಾಸ್ ಗೀಸರ್: ವಾಸನೆಯೇ ಇಲ್ಲದ ಅಪಾಯ

ಇದುವರೆಗೆ ಹೇಳಿದ್ದೆಲ್ಲ ಸೋರುವ ಗ್ಯಾಸಿನ ಮಾತು. ಗೀಸರಿನಲ್ಲಿ ಗ್ಯಾಸ್ ಸೋರದೆ ಸರಿಯಾಗಿ ಉರಿಯುತ್ತಿದ್ದರೂ ಜೀವ ಹೋಗುತ್ತದೆ. ಮುಚ್ಚಿದ ಸಣ್ಣ ಬಚ್ಚಲಿನಲ್ಲಿ ಗೀಸರ್ ಉರಿದು ಉರಿದು ಆಮ್ಲಜನಕ ಕಡಿಮೆಯಾದಾಗ ಕಾರ್ಬನ್ ಮೊನಾಕ್ಸೈಡ್ ಹುಟ್ಟುತ್ತದೆ. ಇದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಸೋರಿಕೆ ತಿಳಿಸಲು ಬೆರೆಸಿದ ಘಾಟು ಉರಿಯುವಾಗ ಸುಟ್ಟುಹೋಗಿರುತ್ತದೆ. ಸ್ನಾನಕ್ಕೆ ಹೋದವರಿಗೆ ತಲೆನೋವು, ತಲೆಸುತ್ತು ಬರುತ್ತದೆ, ಚಿಲಕ ತೆಗೆಯುವ ಶಕ್ತಿಯೂ ಉಳಿಯದೆ ಕುಸಿಯುತ್ತಾರೆ. ಬೆಂಗಳೂರಿನಲ್ಲಿ, ರಾಜ್ಯದ ಬೇರೆ ಊರುಗಳಲ್ಲಿ ಹೀಗೆ ಜನ ಹೋಗಿದ್ದಾರೆ. ತಾಯಿ ಮಗು ಒಟ್ಟಿಗೆ ಹೋದದ್ದೂ ಇದೆ.

ಗೀಸರ್ ಮತ್ತು ಅದರ ಸಿಲಿಂಡರ್ ಎರಡೂ ಬಚ್ಚಲಿನ ಹೊರಗೆ, ಗಾಳಿಯಾಡುವ ಜಾಗದಲ್ಲಿರಬೇಕು. ನೀರಿನ ಪೈಪ್ ಮಾತ್ರ ಒಳಗೆ ಬರಲಿ. ಬಾಡಿಗೆ ಮನೆಯಲ್ಲಿ ಒಳಗೇ ಹಾಕಿಸಿದ್ದರೆ ಮಾಲೀಕರಿಗೆ ಹೇಳಿ ಹೊರಗೆ ಹಾಕಿಸಿಕೊಳ್ಳಿ. ಅಲ್ಲಿಯವರೆಗೆ ಬಾಗಿಲು ತೆರೆದಿಟ್ಟು ಬಕೆಟ್ ತುಂಬಿಸಿಕೊಂಡು, ಗೀಸರ್ ಆಫ್ ಮಾಡಿ, ಗಾಳಿ ಆಡಿದ ಮೇಲೆ ಒಳಗೆ ಹೋಗಿ. ಚಳಿಗಾಲದಲ್ಲಿ ವೆಂಟಿಲೇಟರಿಗೆ ರಟ್ಟು, ಪ್ಲಾಸ್ಟಿಕ್ ಒತ್ತಬೇಡಿ. ಒಳಗಿದ್ದವರು ಕರೆದರೆ ಓಗೊಡದಿದ್ದರೆ ಬಾಗಿಲು ಒಡೆದು ಹೊರಗಿನ ಗಾಳಿಗೆ ತನ್ನಿ, 108ಕ್ಕೆ ತಿಳಿಸಿ. ಚೇತರಿಸಿಕೊಂಡ ಹಾಗೆ ಕಂಡರೂ ಆಸ್ಪತ್ರೆಗೆ ಹೋಗಲೇಬೇಕು.

ಚಿಕ್ಕ ಸಿಲಿಂಡರ್ ಬೇಕಾದವರಿಗೆ

ಓದಲು, ಕೆಲಸಕ್ಕೆ ಬಂದು ರೂಮು ಮಾಡಿಕೊಂಡಿರುವವರು ತಲೆಯ ಮೇಲೇ ಬರ್ನರ್ ಇರುವ ಗುರುತಿಲ್ಲದ ಸಣ್ಣ ಸಿಲಿಂಡರ್ ಕೊಂಡು, ಮೂಲೆಯ ಅಂಗಡಿಯಲ್ಲಿ ಕೆಜಿ ಲೆಕ್ಕದಲ್ಲಿ ತುಂಬಿಸಿಕೊಳ್ಳುತ್ತಾರೆ. ದೊಡ್ಡ ಸಿಲಿಂಡರಿನಿಂದ ಚಿಕ್ಕದಕ್ಕೆ ಹೀಗೆ ತುಂಬುವುದು ಕಾನೂನುಬಾಹಿರ. ಅಲ್ಲಿ ಎಷ್ಟು ತುಂಬಬೇಕು ಅನ್ನುವ ಲೆಕ್ಕವಿಲ್ಲ, ಸಿಲಿಂಡರಿಗೆ ಪರೀಕ್ಷೆಯಿಲ್ಲ, ತುಂಬುವಾಗಲೇ ಗ್ಯಾಸ್ ಹೊರಗೆ ಚೆಲ್ಲುತ್ತದೆ. ಬದಲಿಗೆ ಕಂಪನಿಗಳೇ ಕೊಡುವ 5 ಕೆಜಿಯ ಸಿಲಿಂಡರ್ ಇದೆ. ಇಂಡಿಯನ್ ಆಯಿಲ್‌ನದಕ್ಕೆ ಛೋಟು ಅಂತ ಹೆಸರು, ಎಚ್‌ಪಿಯದಕ್ಕೆ ಅಪ್ಪು. ವಿಳಾಸದ ಪುರಾವೆ ಬೇಕಿಲ್ಲ, ಗುರುತಿನ ಚೀಟಿ ಇದ್ದರೆ ಏಜೆನ್ಸಿಯಲ್ಲಿ, ಕೆಲವು ಪೆಟ್ರೋಲ್ ಬಂಕ್‌ಗಳಲ್ಲಿ ಸಿಗುತ್ತದೆ. ಬೆಲೆ ಸ್ವಲ್ಪ ಜಾಸ್ತಿ, ಆದರೆ ವಾಲ್ವ್, ವಾಷರ್, ಪರೀಕ್ಷೆಯ ಗಡುವು ಎಲ್ಲವೂ ಇರುತ್ತದೆ.

ಕಾಗದಪತ್ರ

ಎಣ್ಣೆ ಕಂಪನಿಗಳು ತಮ್ಮ ಗ್ರಾಹಕರೆಲ್ಲರಿಗೂ ವಿಮೆ ಮಾಡಿಸಿರುತ್ತವೆ. ನೀವು ಕಂತು ಕಟ್ಟಬೇಕಿಲ್ಲ. ಗ್ಯಾಸ್ ಅಪಘಾತದಲ್ಲಿ ಸಾವಾದರೆ ಒಬ್ಬರಿಗೆ 6 ಲಕ್ಷ ರೂಪಾಯಿ, ಚಿಕಿತ್ಸೆಗೆ ಒಬ್ಬರಿಗೆ 2 ಲಕ್ಷದವರೆಗೆ, ಮನೆಯ ನಷ್ಟಕ್ಕೆ 2 ಲಕ್ಷದವರೆಗೆ. ಮನೆಯ ನಷ್ಟದ ಹಣ ಸಿಗುವುದು ಕನೆಕ್ಷನ್‌ನಲ್ಲಿ ನೋಂದಾಯಿಸಿದ ವಿಳಾಸದಲ್ಲಿ ಅಪಘಾತವಾಗಿದ್ದರೆ ಮಾತ್ರ. ಮನೆ ಬದಲಿಸಿದಾಗ ಸಿಲಿಂಡರನ್ನು ಟೆಂಪೋದಲ್ಲಿ ಹಾಕಿಕೊಂಡು ಬರುತ್ತೇವೆ, ವಿಳಾಸ ಹಳೆಯದೇ ಉಳಿದಿರುತ್ತದೆ. ಏಜೆನ್ಸಿಗೆ ಹೋಗಿ ಬದಲಿಸಿ. ಪೈಪ್, ರೆಗ್ಯುಲೇಟರ್ ಕೊಂಡ ಬಿಲ್ಲು, 5 ವರ್ಷಕ್ಕೊಮ್ಮೆ ಏಜೆನ್ಸಿಯ ಮೆಕ್ಯಾನಿಕ್ ಬಂದು ಮಾಡುವ ತಪಾಸಣೆಯ ಚೀಟಿ ಇವನ್ನು ಗ್ಯಾಸ್ ಪುಸ್ತಕದ ಜೊತೆಗೇ ಇಡಿ. ಅಪಘಾತವಾದರೆ ತಡಮಾಡದೆ ಏಜೆನ್ಸಿಗೆ ಬರವಣಿಗೆಯಲ್ಲಿ ತಿಳಿಸಬೇಕು. ಅವರು ಕಂಪನಿಗೆ, ಕಂಪನಿ ವಿಮೆಯವರಿಗೆ ತಿಳಿಸುತ್ತದೆ. ಪೊಲೀಸ್ ದೂರಿನ ಪ್ರತಿ, ಆಸ್ಪತ್ರೆಯ ಬಿಲ್ಲುಗಳನ್ನು ಜೋಪಾನ ಮಾಡಿ, ಅವನ್ನು ಕೇಳುತ್ತಾರೆ.